ಎರಡು ಬೆರಳು ಹಿಂದೆ

ಆದರ್ಶ ಅಭ್ಯಾಸ ಮೈದಾನ ಹೇಗಿರಬೇಕು ಎಂದು ಗಾಲ್ಫ್ ಕ್ಲಬ್ಬಿನ ಸಮಿತಿಯವರು ಶುಕ್ರವಾರ ಬೆಳಗ್ಗೆ ಎರಡು ಗಂಟೆ ಹೊತ್ತು ಮಾತಾಡಿದರು. ಮಾತೇನು ಬಂತು, ಬಾಯಿಗೆ ಬಂದದ್ದನ್ನೆಲ್ಲ ಬೇಕು ಎಂದರು. ಒಬ್ಬರಿಗೆ ತಲೆಯ ಮೇಲೆ ಸೂರು ಬೇಕು, ಇನ್ನೊಬ್ಬರಿಗೆ ಬೆನ್ನ ಹಿಂದೆ ಫ್ಯಾನು ಬೇಕು. ಮತ್ತೊಬ್ಬರಿಗೆ ಗುಂಡಿ ಒತ್ತಿದರೆ ಚೆಂಡು ತಾನಾಗಿಯೇ ಮೇಲೆದ್ದು ಬಂದು ಕೂರಬೇಕಂತೆ, ಬಗ್ಗುವ ತಾಪತ್ರಯವೇ ಇರಬಾರದಂತೆ. ಹೊಟ್ಟೆ ಅಡ್ಡ ಬರುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಎದುರಿಗೇ ಕಾಣುತ್ತಿತ್ತಲ್ಲ, ಹೇಳುವುದೇನು? ನಕ್ಷೆ ಮಾಡಲು ಬಂದಿದ್ದ ಇಂಜಿನಿಯರಮ್ಮ ತಲೆ ಎತ್ತದೆ ಎಲ್ಲವನ್ನೂ ಬರೆದುಕೊಂಡರು.

ಕೊನೆಯಲ್ಲಿ ಕಾರ್ಯದರ್ಶಿಗಳು ಮರ್ಯಾದೆಗೆ ಒಂದು ಮಾತು ಇರಲಿ ಎಂದು ಬಾಗಿಲ ಬಳಿ ನಿಂತಿದ್ದ ಹುಲ್ಲು ಮೇಷ್ಟ್ರ ಕಡೆ ತಿರುಗಿದರು. ಈ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷದಿಂದ ಆ ಕ್ಲಬ್ಬಿನ ಹುಲ್ಲು ನೋಡಿಕೊಳ್ಳುವವರು. ಯಾರಾದರೂ ಹುಲ್ಲಿನ ಮೇಲೆ ಕಾಲಿಡಬಾರದ ಕಡೆ ಕಾಲಿಟ್ಟರೆ, ಅವರು ಎಂಥ ದೊಡ್ಡ ಮನುಷ್ಯರೇ ಆಗಿರಲಿ, ಬೆಂಚಿನ ಮೇಲೆ ನಿಲ್ಲಿಸುವ ಧ್ವನಿಯಲ್ಲಿ ಗದರುತ್ತಿದ್ದರು. ಅದಕ್ಕೆ ಆ ಹೆಸರು ಅಂಟಿಕೊಂಡಿತ್ತು.

"ನೀವೇನಂತೀರಿ ಮೇಷ್ಟ್ರೇ?"

"ಹುಲ್ಲಿರಬೇಕು ಸರ್," ಎಂದರು ಅವರು. "ಮಕ್ಕಳು ಅದನ್ನ ಕಿತ್ತು ಹಾಕೋ ಹಾಗಿರಬೇಕು."

ಇಡೀ ಕೋಣೆ ನಕ್ಕಿತು. ನಗದೆ ಏನು ಮಾಡುತ್ತದೆ? ಒಂದು ಗರಿಕೆ ಅಲುಗಿದರೆ ಊರೇ ಒಂದು ಮಾಡುತ್ತಿದ್ದ ಮನುಷ್ಯ, ಕಿತ್ತು ಹಾಕಲಿ ಎನ್ನುತ್ತಿದ್ದಾರೆ! "ಸೂರ್ಯ ಇವತ್ತು ಯಾವ ಕಡೆ ಹುಟ್ಟಿದನಪ್ಪಾ," ಎಂದು ಹೊಟ್ಟೆಯವರು ಕಣ್ಣೊರೆಸಿಕೊಂಡರು. ಇಂಜಿನಿಯರಮ್ಮ ಮಾತ್ರ ನಗಲಿಲ್ಲ.

"ರಬ್ಬರ್ ಮ್ಯಾಟ್ ಹಾಕಿದ್ರೆ ವರ್ಷಪೂರ್ತಿ ಆಡಬಹುದಲ್ವಾ? ಹುಲ್ಲು ಯಾಕೆ ಬೇಕು?"

"ಅದು ದೊಡ್ಡ ಕಥೆ ಅಮ್ಮ, ನಿಂತ ನಿಲುವಲ್ಲಿ ಹೇಳೋಕಾಗಲ್ಲ," ಎಂದರು ಮೇಷ್ಟ್ರು.

"ಬರೆದು ಕೊಡಿ ಹಾಗಾದ್ರೆ," ಎಂದರು ಆಕೆ. "ಮೈದಾನಕ್ಕೆ ಏನೇನು ಬೇಕು, ಒಂದೊಂದಕ್ಕೂ ಯಾಕೆ ಬೇಕು. ಸೋಮವಾರ ನಕ್ಷೆ ಮುಗಿಸ್ತೀನಿ. ಸರಿಯಾದ ಕಾರಣ ಇಲ್ಲದಿದ್ರೆ ಪೂರ್ತಿ ಮ್ಯಾಟೇ."

ಬರೆದು ಕೊಡಿ ಎಂದರೆ ಮೇಷ್ಟ್ರಿಗೆ ಮೈ ಬೆವರುತ್ತಿತ್ತು. ಅವರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಬರೆದ ಮರುದಿನ ಅವರಿಗೇ ಓದಲು ಬಾರದು. ಕ್ಲಬ್ಬಿಗೆ ಕೊಡುವ ಪ್ರತಿಯೊಂದು ಕಾಗದವನ್ನೂ ಅವರು ಹೇಳುತ್ತಾ ಹೋಗುವುದು, ಮಗಳು ಬರೆಯುತ್ತಾ ಹೋಗುವುದು, ವರ್ಷಗಳಿಂದ ಹೀಗೇ ನಡೆದಿತ್ತು. ಈ ಕಾಗದವನ್ನೂ ಅವಳೇ ಬರೆಯಬೇಕು. ಹುಲ್ಲು ಯಾಕೆ ಬೇಕು ಎಂಬ ಕಾರಣವನ್ನು ಜಗತ್ತಿನಲ್ಲಿ ಯಾರಿಗಾದರೂ ಹೇಳಬಹುದಿತ್ತು, ಅವಳೊಬ್ಬಳನ್ನು ಬಿಟ್ಟು.

ಮಗಳಿಗೆ ಮನೆಯಲ್ಲಿ ಕಡ್ಡಿ ಎಂದೇ ಕರೆಯುವುದು. ಸಣ್ಣವಳಿದ್ದಾಗ ಅಷ್ಟು ತೆಳ್ಳಗಿದ್ದಳು. ಈಗ ಮೂವತ್ತು ವರ್ಷ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿ ಬಾಗಿಲಲ್ಲಿ ಕಾಣಿಸುತ್ತಿದ್ದಂತೆಯೇ ಅವರ ಮುಖಕ್ಕೆ ಯಾವ ಫ್ರೇಮು ಹೊಂದುತ್ತದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅಂಗಡಿಯ ಯಜಮಾನರು ಬಸ್ ನಿಲ್ದಾಣದ ಹತ್ತಿರ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದನ್ನು ನೀನೇ ನಡೆಸು ಎಂದು ಕೇಳಿದ್ದರು, ಸೋಮವಾರದೊಳಗೆ ಹೇಳು ಎಂದಿದ್ದರು. ಅದೇ ಶುಕ್ರವಾರ ಸಂಜೆ ಊಟಕ್ಕೆ ಕೂತಾಗ ಅವಳು ಆ ಮಾತು ತೆಗೆದಳು.

"ನಾಲ್ಕು ಜನರನ್ನ ನಾನು ನೋಡ್ಕೋಬೇಕಂತೆ. ಕಣ್ಣಿನ ಡಾಕ್ಟರ ಜೊತೆ ನಾನೇ ಮಾತಾಡ್ಬೇಕಂತೆ. ನೆನೆಸಿಕೊಂಡ್ರೇ ಎದೆ ಡವಡವ ಅನ್ನುತ್ತೆ."

"ಹೂಂ ಅನ್ನೇ, ಕೈಗೆ ಬಂದ ತುತ್ತನ್ನ ಯಾರಾದ್ರೂ ಬಿಡ್ತಾರಾ?" ಎಂದರು ಅವಳ ತಾಯಿ.

"ನಿನಗೇನು ಗೊತ್ತಮ್ಮ, ನನ್ನ ಎದೆ ಸಾಲದು." ಹಾಗೆಂದವಳು ತಂದೆಯ ಕಡೆ ನೋಡಿದಳು. "ನನ್ನ ಕೈಲಾಗುತ್ತಾ ಅಪ್ಪ? ನೀನು ಹೇಳು."

ಮೇಷ್ಟ್ರು ತಟ್ಟೆ ನೋಡಿಕೊಂಡು ಕೂತರು. ಆಗುತ್ತೆ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಆಗುತ್ತೆ ಎಂದರೆ, ಹೇಗೆ ಗೊತ್ತು ಎಂದು ಅವಳು ಕೇಳುತ್ತಾಳೆ. ಹೇಗೆ ಗೊತ್ತು ಎಂದು ಹೇಳಹೊರಟರೆ ಹದಿನಾಲ್ಕು ವರ್ಷದ ಹಿಂದಿನದ್ದೆಲ್ಲ ಹೊರಗೆ ಬರಬೇಕು. "ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡಮ್ಮ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೈ ತೊಳೆಯಲು ಎದ್ದುಹೋದರು.

ಗಾಲ್ಫ್ ಕಾಣದವರಿಗೆ ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ಕೋಲು ಬೀಸಿದಾಗ ಅದು ಮೊದಲು ಚೆಂಡಿಗೆ ತಾಗಿ, ಆಮೇಲೆ ನೆಲ ಕೆರೆಯಬೇಕು. ಆಗ ಚೆಂಡು ಹಾರುತ್ತದೆ, ಚೆಂಡಿದ್ದ ಜಾಗದ ಮುಂದೆ ಅಂಗೈಯಷ್ಟು ಹುಲ್ಲು ಕಿತ್ತುಬರುತ್ತದೆ. ಕೋಲು ಚೆಂಡಿಗಿಂತ ಎರಡು ಬೆರಳು ಹಿಂದೆ ಬಿದ್ದರೆ ಮಣ್ಣಿಗೆ ಕಚ್ಚಿಕೊಂಡು ಚೆಂಡು ಅಲ್ಲೇ ನಾಲ್ಕು ಮಾರು ಮುಂದೆ ಹೋಗಿ ಬೀಳುತ್ತದೆ. ರಬ್ಬರ್ ಮ್ಯಾಟಿನ ಮೇಲೆ ಹಾಗಲ್ಲ. ಎರಡು ಬೆರಳು ಹಿಂದೆ ಬಿದ್ದರೂ ಕೋಲು ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ, ಚೆಂಡು ಚೆಂದವಾಗಿಯೇ ಹಾರುತ್ತದೆ. ಮ್ಯಾಟು ಮುಖಸ್ತುತಿಯ ನೆಂಟನಿದ್ದ ಹಾಗೆ, ತಪ್ಪಿಗೂ ಭೇಷ್ ಅನ್ನುತ್ತದೆ.

ಕಡ್ಡಿ ಹತ್ತನೇ ವಯಸ್ಸಿನಿಂದ ಆ ಮ್ಯಾಟಿನ ಮೇಲೇ ಆಡಿದವಳು. ಕೆಲಸದವರ ಮಕ್ಕಳಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮ್ಯಾಟಿನ ಮೇಲೆ ಆಡಲು ಅವಕಾಶವಿತ್ತು. ಅವಳು ಕೋಲು ಬೀಸಿದರೆ ಅಕ್ಕಪಕ್ಕದವರು ತಮ್ಮ ಆಟ ನಿಲ್ಲಿಸಿ ನೋಡುತ್ತಿದ್ದರು. ಆಗಿನ ಕೋಚ್ ಅವಳನ್ನು ಹಚ್ಚಿಕೊಂಡುಬಿಟ್ಟರು. ಅವಳಿಗೆ ಹದಿನಾಲ್ಕಿದ್ದಾಗ, ಇನ್ನೆರಡು ವರ್ಷಕ್ಕೆ ದೊಡ್ಡ ತರಬೇತಿ ಶಾಲೆಯೊಂದು ಮಕ್ಕಳನ್ನು ಆರಿಸಿಕೊಳ್ಳಲು ಇದೇ ಕ್ಲಬ್ಬಿಗೆ ಬರುತ್ತದೆ ಎಂದು ಗೊತ್ತಾಯಿತು. ಆರಿಸಿದ ಎಂಟು ಮಕ್ಕಳಿಗೆ ಊಟ, ವಸತಿ, ಓದು, ಆಟ ಎಲ್ಲ ಅವರದ್ದೇ. ಆಯ್ಕೆ ನಡೆಯುವುದು ಹುಲ್ಲಿನ ಮೇಲೆ.

ಅಭ್ಯಾಸ ಮೈದಾನದ ಒಂದು ಅಂಚಿಗೆ ಹುಲ್ಲಿನ ಪಟ್ಟಿ ಒಂದಿತ್ತು. ಮೇಷ್ಟ್ರು ಆ ಆಯ್ಕೆಗೆಂದೇ ಅದನ್ನು ಎರಡು ವರ್ಷ ಸಾಕಿದ್ದರು. ಸಾಕಿದ್ದರು ಎನ್ನದೆ ಏನೆನ್ನುವುದು? ಸುತ್ತ ಹಗ್ಗ ಕಟ್ಟಿ, ಒಂದು ನರಪಿಳ್ಳೆಯೂ ಕಾಲಿಡದ ಹಾಗೆ ಕಾದರು. ಹೊರಗಿನಿಂದ ದೊಡ್ಡವರು ಬರುತ್ತಾರೆ, ಇಂಥ ಹುಲ್ಲು ಎಲ್ಲೂ ಕಂಡಿಲ್ಲ ಎನ್ನಬೇಕು ಎಂಬುದು ಅವರ ಆಸೆ. "ವಾರಕ್ಕೊಂದು ದಿನ ಮಗಳನ್ನ ಹುಲ್ಲಿನ ಮೇಲೆ ಬಿಡಿ ಮೇಷ್ಟ್ರೇ," ಎಂದು ಕೋಚ್ ಕೇಳಿದರು. ಒಂದು ಸಲವಲ್ಲ, ಹತ್ತು ಸಲ ಕೇಳಿದರು. "ಬೇರೆಯವರನ್ನ ಬಿಡದೆ ನನ್ನ ಮಗಳನ್ನ ಬಿಟ್ರೆ ನಾಲ್ಕು ಜನ ಏನಂತಾರೆ ಸರ್?" ಎಂದರು ಮೇಷ್ಟ್ರು. ಪ್ರಾಮಾಣಿಕರು ನೋಡಿ! "ನಿಮಗೆ ಹುಲ್ಲೇ ಮಗಳು," ಎಂದು ಹೆಂಡತಿ ಚುಚ್ಚಿದರೆ ಅದನ್ನೂ ಹೊಗಳಿಕೆ ಎಂದೇ ತಿಳಿದರು.

ಆಯ್ಕೆಯ ದಿನ ಹಗ್ಗ ಬಿಚ್ಚಿದರು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಗೆರೆಯ ಮೇಲೆ ಚೆಂಡಿಟ್ಟು ಒಬ್ಬೊಬ್ಬರೂ ಇಪ್ಪತ್ತು ಹೊಡೆಯಬೇಕು. ಕೋಚುಗಳು ಹತ್ತಿರ ಬರುವಂತಿರಲಿಲ್ಲ, ದೂರ ನಿಂತು ನೋಡಬೇಕು. ಬಂದಿದ್ದ ಮೂವತ್ತು ಮಕ್ಕಳಲ್ಲಿ ಬೇರೆ ಕ್ಲಬ್ಬಿನವರು ಮೊದಲು ಹೊಡೆದರು. ಕಡ್ಡಿಯ ಸರದಿ ಬಂತು. ಮೊದಲ ಚೆಂಡು ನಾಲ್ಕು ಮಾರು ಹೋಗಿ ಬಿತ್ತು. ಎರಡನೆಯದೂ ಅಷ್ಟೇ. ಅವಳು ಕೋಲನ್ನು ತಿರುಗಿಸಿ ನೋಡಿದಳು, ಕೋಲಿನಲ್ಲಿ ಏನಾದರೂ ಐಬಿದೆಯೋ ಎಂದು. ಇಪ್ಪತ್ತೂ ಹಾಗೇ ಬಿದ್ದವು. ಹದಿನೈದರ ಹೊತ್ತಿಗೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ನೀರು ತುಂಬಿತ್ತು. "ಪಾಪ, ಹೆದರಿಬಿಟ್ಟಳು," ಎಂದು ಯಾರೋ ಅಂದರು. ಆ ಮಾತು ಮೈದಾನದಲ್ಲೆಲ್ಲ ಓಡಾಡಿತು. ಹೊರಗಿನಿಂದ ಬಂದ ದೊಡ್ಡವರು ಕ್ಲಬ್ಬಿನ ಅಧ್ಯಕ್ಷರ ಎದುರಿನಲ್ಲೇ ಮೇಷ್ಟ್ರ ಕೈ ಕುಲುಕಿ, ಇಂಥ ಹುಲ್ಲು ಎಲ್ಲೂ ಕಂಡಿಲ್ಲ ಎಂದರು. ಆಸೆಪಟ್ಟ ಮಾತು, ಅಕ್ಷರ ತಪ್ಪದೆ ಬಂತು.

ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ಮರಳು ಮತ್ತು ಹುಲ್ಲಿನ ಬೀಜದ ಬಕೆಟ್ ಹಿಡಿದು ಕಿತ್ತ ಗುಳಿಗಳನ್ನು ತುಂಬಲು ಹೋದರು. ಅದು ಅವರ ದಿನದ ಕೆಲಸ. ಮಗಳು ಹೊಡೆದ ಜಾಗಕ್ಕೆ ಬಂದಾಗ ಕೈ ನಿಂತಿತು. ಇಪ್ಪತ್ತು ಗುಳಿ. ಇಪ್ಪತ್ತೂ ಸುಣ್ಣದ ಗೆರೆಗಿಂತ ಎರಡು ಬೆರಳು ಹಿಂದೆ ಶುರುವಾಗಿದ್ದವು. ಒಂದೂ ಆಚೆ ಇಲ್ಲ, ಒಂದೂ ಈಚೆ ಇಲ್ಲ. ಮೇಷ್ಟ್ರು ಬೆರಳಿಟ್ಟು ಅಳೆದರು. ಹೆದರಿದ ಕೈ ಎರಡು ಸಲ ಒಂದೇ ಜಾಗಕ್ಕೆ ಬೀಳುವುದಿಲ್ಲ ಎಂಬುದು ಸಾವಿರಾರು ಜನರ ಗುಳಿ ತುಂಬಿದವರಿಗೆ ಗೊತ್ತಿರುವುದಿಲ್ಲವೇ? ಕಣ್ಣೀರು ಸುರಿಸಿಕೊಂಡು ಹೊಡೆದರೂ ಕೂದಲೆಳೆ ಕದಲದ ಕೈ ಅದು. ಅಷ್ಟು ಗಟ್ಟಿ ಎದೆ ಆ ಮೂವತ್ತು ಮಕ್ಕಳಲ್ಲಿ ಇನ್ನೊಂದಿರಲಿಲ್ಲ. ಆರು ವರ್ಷ ಮ್ಯಾಟು ಕಲಿಸಿದ ಪಾಠವನ್ನು ಅವಳು ತಪ್ಪದೆ ಒಪ್ಪಿಸಿದ್ದಳು, ಅಷ್ಟೇ. ಹಗ್ಗ ಕಟ್ಟಿ ಮ್ಯಾಟಿನ ಮೇಲೆ ನಿಲ್ಲಿಸಿದ್ದು ಹೆತ್ತ ಅಪ್ಪ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಮೇಷ್ಟ್ರು ಇಪ್ಪತ್ತು ಗುಳಿಗೂ ಮರಳು ತುಂಬಿ ಅಂಗೈಯಿಂದ ಸಮ ಮಾಡಿದರು.

ಮರುದಿನ ಬೆಳಗ್ಗೆ ಕೋಚ್ ಓಡಿಬಂದರು, ನೋಡಿದರೆ ಬರೀ ಮರಳು.

"ಅವಳ ಗುರುತು ನೀವು ನೋಡಿದ್ರಾ ಮೇಷ್ಟ್ರೇ? ಒಂದೇ ಸಾಲಲ್ಲಿತ್ತಾ, ಚೆಲ್ಲಾಪಿಲ್ಲಿಯಾಗಿತ್ತಾ? ಒಂದೇ ಸಾಲಲ್ಲಿದ್ರೆ ಅದು ಹೆದರಿಕೆ ಅಲ್ಲ, ಅಭ್ಯಾಸದ ದೋಷ. ಮೂರು ತಿಂಗಳಿಗೆ ಇನ್ನೊಂದು ಆಯ್ಕೆ ಇದೆ, ಅಷ್ಟರಲ್ಲಿ ತಿದ್ದಿಬಿಡ್ತೀನಿ. ಚೆಲ್ಲಾಪಿಲ್ಲಿಯಾಗಿದ್ರೆ ಎದೆ ಸಾಲದು ಅಂತ. ಅದಕ್ಕೆ ನನ್ನ ಹತ್ರ ಮದ್ದಿಲ್ಲ."

ಒಂದೇ ಸಾಲು ಎಂದರೆ, ಹತ್ತು ಸಲ ಕೇಳಿದ್ನಲ್ಲ ಮೇಷ್ಟ್ರೇ ಎನ್ನುತ್ತಾರೆ. ಊರೆಲ್ಲ ಎನ್ನುತ್ತದೆ. ಹೆಂಡತಿ ಜೀವಮಾನವಿಡೀ ಎನ್ನುತ್ತಾಳೆ. ಮಗಳು? ಹಿಂದಿನ ದಿನ ತಾನೇ ಕೈ ಕುಲುಕಿಸಿಕೊಂಡಿದ್ದ ಮೇಷ್ಟ್ರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಚೆಲ್ಲಾಪಿಲ್ಲಿ ಇತ್ತು ಸರ್," ಎಂದುಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೋಚ್ ಹೋಗಿ ಕಡ್ಡಿಗೆ, ನಿನ್ನ ಕೈಯಲ್ಲಿ ಆಟ ಇದೆ ಮಗು, ಎದೆ ಸಾಲದು ಎಂದರು. ಅವಳು ಕೋಲುಗಳನ್ನು ಅಟ್ಟಕ್ಕೆ ಹಾಕಿದಳು. ಆ ಕೋಚ್ ವರ್ಷದೊಳಗೆ ಬೇರೆ ಕಡೆ ಹೋದರು, ಆ ಮಾತು ಹೋಗಲಿಲ್ಲ. ನನ್ನ ಎದೆ ಸಾಲದು ಎಂದು ಸ್ಕೂಟರ್ ಕಲಿಯುವುದನ್ನು ಅರ್ಧಕ್ಕೆ ಬಿಟ್ಟಳು. ಎದೆ ಸಾಲದು ಎಂದು ಒಳ್ಳೆಯ ಕೆಲಸವೊಂದರ ಸಂದರ್ಶನದ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಮನೆತನದ ಹೆಸರಿನ ಹಾಗೆ ಆ ಮಾತನ್ನು ತನ್ನ ಹೆಸರಿನ ಜೊತೆ ಹಚ್ಚಿಕೊಂಡಳು. ಪ್ರತಿ ಸಲವೂ ಮೇಷ್ಟ್ರಿಗೆ ಹೇಳಬೇಕೆನ್ನಿಸುತ್ತಿತ್ತು, ಪ್ರತಿ ಸಲವೂ ನಾಲಿಗೆ ಹೊರಳುತ್ತಿರಲಿಲ್ಲ. ತಡವಾದಷ್ಟೂ ಹೇಳುವುದು ಕಷ್ಟವಾಗುತ್ತಾ ಹೋಯಿತು.

ಅದಕ್ಕೇ ಆ ಶನಿವಾರ ಇಡೀ ದಿನ ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ನಡೆಯುತ್ತಾ ಮೇಷ್ಟ್ರು ತಮ್ಮನ್ನು ತಾವೇ ಬೈದುಕೊಂಡರು. ಸೋಮವಾರ ಅವಳು ಆಗಲ್ಲ ಎಂದು ಹೇಳಿಬಿಟ್ಟರೆ ಈ ಪಾಪವೂ ತಮ್ಮ ತಲೆಗೇ. ಭಾನುವಾರ ಕಾಗದ ಬರೆಸುವಾಗ ಹೇಳಿಯೇ ತೀರಬೇಕು. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ.

ಭಾನುವಾರ ಮಧ್ಯಾಹ್ನ ಹೆಂಡತಿ ತಂಗಿಯ ಮನೆಗೆ ಹೋಗಿದ್ದರು. ಊಟದ ಮೇಜನ್ನು ಒರೆಸಿ ಕಡ್ಡಿ ಕಾಗದ ಪೆನ್ನು ಇಟ್ಟುಕೊಂಡಳು. "ಹೇಳಿ ಮೇಷ್ಟ್ರೇ," ಎಂದು ತಮಾಷೆ ಮಾಡಿದಳು.

"ಒಂದು. ಹೊಡೆಯೋರು ಸೂರ್ಯನಿಗೆ ಎದುರಾಗಿ ನಿಲ್ಲಬಾರದು, ಬೆಳಗ್ಗೆನೂ ಸಂಜೆನೂ. ಯಾಕಂದ್ರೆ ಚೆಂಡು ಎಲ್ಲಿ ಬಿತ್ತು ಅಂತ ಕಾಣಲ್ಲ. ಎರಡು. ಬಯಲು ಸುಮ್ನೆ ಖಾಲಿ ಇರಬಾರದು. ಹತ್ತಿರ ಒಂದು, ದೂರ ಒಂದು, ನಾಲ್ಕೈದು ಗುರಿ ಇರಬೇಕು."

"ಯಾಕೆ?"

"ಗುರಿ ಇಲ್ದೆ ಹೊಡೆದ್ರೆ ಅದು ಅಭ್ಯಾಸ ಅಲ್ಲ, ಬಟ್ಟೆ ಒಗೆದ ಹಾಗೆ."

"ಹಾಗೇ ಬರೀಲಾ?" ಎಂದು ನಕ್ಕಳು, ಹಾಗೇ ಬರೆದಳು. ಮೂರನೆಯದು ಮರಳಿನ ಗುಂಡಿ. ಸಲೀಸಾದ ಮರಳು ಬೇಡ, ಆಟದಲ್ಲಿ ಸಿಗುವಂಥದ್ದೇ ಇರಬೇಕು. ನಾಲ್ಕನೆಯದು ಏರು ಇಳಿಜಾರು, ಕಾಲು ಸಮವಾಗಿ ಊರಲು ಬಿಡದ ಒಂದಿಷ್ಟು ನೆಲ. ಐದನೆಯದು ಕಾಯುವವರಿಗೆ ಬೆಂಚು, ಅಪ್ಪ ಅಮ್ಮಂದಿರು ಕೂತಲ್ಲಿಂದಲೇ ಬುದ್ಧಿ ಹೇಳಲು ಆಗದಷ್ಟು ದೂರದಲ್ಲಿ. ಕಡ್ಡಿ ಇದಕ್ಕೆ ಗಟ್ಟಿಯಾಗಿ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಇಲ್ಲಿಗೇ ನಿಲ್ಲಿಸಿಬಿಡೋಣವೇ ಎಂದು ಮೇಷ್ಟ್ರಿಗೆ ಅನ್ನಿಸಿದ್ದು ಸುಳ್ಳಲ್ಲ.

"ಆರು," ಎಂದಳು ಅವಳು. "ಆರನೇದು ಏನು?"

"ಹುಲ್ಲು. ಮಕ್ಕಳಿಗೆ ಹುಲ್ಲಿನ ಮೇಲೇ ಹೊಡೆಯೋಕೆ ಬಿಡಬೇಕು. ದಿನಾ."

"ಯಾಕೆ?"

ಮೇಷ್ಟ್ರು ಎರಡು ಕೈಯನ್ನೂ ಮೇಜಿನ ಮೇಲಿಟ್ಟರು. "ಯಾಕಂದ್ರೆ ಅವತ್ತು ನೀನು ಹೆದರಿರಲಿಲ್ಲ ಕಣಮ್ಮ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವರು ಹೇಳುತ್ತಾ ಹೋದರು. ಸುಣ್ಣದ ಗೆರೆ, ಇಪ್ಪತ್ತು ಗುಳಿ, ಎರಡು ಬೆರಳು. ಬೆರಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ಮ್ಯಾಟು ಏನು ಮಾಡುತ್ತದೆ, ಹುಲ್ಲು ಏನು ಮಾಡುತ್ತದೆ ಎಂದು ಹೇಳಿದರು. ಕಡ್ಡಿ ಅವರ ಬೆರಳುಗಳನ್ನೇ ನೋಡಿದಳು.

"ಒಂದೇ ಸಾಲಲ್ಲಿತ್ತಾ?"

"ಒಂದೇ ಸಾಲಲ್ಲಿ. ಅಷ್ಟು ಗಟ್ಟಿ ಕೈ ನಾನು ಇವತ್ತಿಗೂ ಕಂಡಿಲ್ಲ."

"ಕೋಚ್ ನೋಡಲಿಲ್ವಾ?"

"ಅಷ್ಟರಲ್ಲಿ ನಾನು ಮರಳು ತುಂಬಿದ್ದೆ."

"ನಿನ್ನ ಕೇಳಲಿಲ್ವಾ?"

ಕೇಳಲಿಲ್ಲ ಎಂದುಬಿಡಬಹುದಿತ್ತು. ಕೋಚ್ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. "ಕೇಳಿದ್ರು. ಚೆಲ್ಲಾಪಿಲ್ಲಿ ಇತ್ತು ಅಂದೆ. ಒಂದೇ ಸಾಲು ಅಂದಿದ್ರೆ ಮೂರು ತಿಂಗಳಲ್ಲಿ ತಿದ್ದಿ ಇನ್ನೊಂದು ಆಯ್ಕೆಗೆ ಕಳಿಸ್ತಿದ್ರು. ಹಗ್ಗ ಕಟ್ಟಿದ್ದಕ್ಕೆ ಎಲ್ರೂ ನನ್ನ ಬೈತಾರೆ ಅಂತ ಹಾಗಂದೆ. ನನ್ನ ಮಾನಕ್ಕೆ ಹೆದರಿ ನಿನ್ನ ಹೇಡಿ ಮಾಡಿದೆ."

ಕಡ್ಡಿ ಪೆನ್ನಿನ ಮುಚ್ಚಳ ಹಾಕಿದಳು.

"ಹಗ್ಗ ಕಟ್ಟಿದ್ದು ಬಿಡು ಅಪ್ಪ. ಅದು ನಿನ್ನ ಕೆಲಸ, ನಿನಗೆ ಗೊತ್ತಾಗಲಿಲ್ಲ. ಅವತ್ತು ಕೋಚ್‌ಗೆ ಹಾಗಂದಿದ್ದನ್ನೂ ಹೇಗಾದ್ರೂ ಮಾಡಿ ನುಂಗಿಕೊಳ್ತೀನೇನೋ. ಆದ್ರೆ ಸಂದರ್ಶನದಿಂದ ತಿರುಗಿ ಬಂದ ದಿನ ನೀನು ಇಲ್ಲೇ ಇದ್ದೆ. ಇದೇ ಕುರ್ಚಿ ಮೇಲೆ. ನಾನು ಅಳ್ತಿದ್ದೆ, ನೀನು ನೀರು ತಂದು ಕೊಟ್ಟೆ. ನೀರು ಕೊಟ್ಟೆ ಅಪ್ಪ! ಹದಿನಾಲ್ಕು ವರ್ಷ ಕನ್ನಡಿ ನೋಡಿದಾಗೆಲ್ಲ ನನಗೆ ನಾನೇ ಹೇಸಿಕೊಂಡಿದೀನಿ, ಗೊತ್ತಾ ನಿನಗೆ?"

"ಗೊತ್ತು," ಎಂದರು ಮೇಷ್ಟ್ರು. ಗೊತ್ತಿತ್ತು, ಅದೇ ತಾನೇ ಕಷ್ಟ. ಅವರು ಅಳುತ್ತಿದ್ದರು, ಒರೆಸಿಕೊಳ್ಳಲೂ ಇಲ್ಲ. "ನಾನು ಮಾಡಿದ್ದಕ್ಕೆ ಕ್ಷಮೆ ಇಲ್ಲ ಕಣಮ್ಮ, ಕೇಳೋದೂ ಇಲ್ಲ. ಒಂದು ಮಾತು ನಡೆಸಿಕೊಡು. ನಾಳೆ ಹೋಗಿ ಯಜಮಾನರಿಗೆ ಹೂಂ ಅನ್ನು. ನಿನ್ನ ಕೈಲಾಗುತ್ತೆ. ನಾನು ಕಣ್ಣಾರೆ ನೋಡಿದೀನಿ, ನಿನ್ನ ಕೈಲಾಗುತ್ತೆ."

ಅವಳು ತಂದೆಯ ಮುಖವನ್ನೇ ನೋಡಿದಳು.

"ನಿನ್ನೆನೇ ಆಗಲ್ಲ ಅಂದುಬಿಟ್ಟೆ ಅಪ್ಪ. ಪಕ್ಕದ ಕೌಂಟರಿನವಳಿಗೆ ಕೊಟ್ರು. ಸಂಜೆ ಎಲ್ರೂ ಸೇರಿ ಚಪ್ಪಾಳೆ ತಟ್ಟಿದ್ವಿ. ನಾನೂ ತಟ್ಟಿದೆ."

"ಸೋಮವಾರದವರೆಗೆ ಸಮಯ ಇತ್ತಲ್ಲಮ್ಮ?"

"ಇತ್ತು. ಶುಕ್ರವಾರ ನಿನ್ನ ಮುಖ ನೋಡಿದ ಮೇಲೆ ಇನ್ನೇನು ಕಾಯೋದು ಅನ್ನಿಸ್ತು. ನನ್ನ ಕೈಲಾಗುತ್ತಾ ಅಂತ ಕೇಳಿದ್ರೆ ನೀನು ತಟ್ಟೆ ನೋಡ್ಕೊಂಡು ಕೂತೆ. ಆಗಲ್ಲ ಅಂತ ಅಪ್ಪನಿಗೂ ಗೊತ್ತು, ಬಾಯಿಬಿಟ್ಟು ಹೇಳೋಕೆ ಸಂಕಟ ಅಂದ್ಕೊಂಡೆ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹಿರಿಯರು ಹೇಳಿದ್ದು ಯಾರಿಗೆ ಎಂದುಕೊಂಡಿದ್ದಿರಿ? ಈ ಮೇಷ್ಟ್ರಂಥವರಿಗೇ. ಕಡ್ಡಿ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಪೆನ್ನಿನ ಮುಚ್ಚಳ ತೆಗೆದಳು. ಯಾರನ್ನೂ ಕೇಳದೆ ಎರಡು ಸಾಲು ಬರೆದಳು. ಬರೆದದ್ದನ್ನು ಓದಿ ಹೇಳಿದಳು.

"ಆರು. ಹುಲ್ಲು. ಕಾರಣ: ತಪ್ಪು ಎಲ್ಲಾಯಿತು ಎಂದು ಹುಲ್ಲು ಅವತ್ತೇ ತೋರಿಸಿಬಿಡುತ್ತದೆ. ಮನುಷ್ಯರು ಹೇಳುತ್ತಾರೆ ಎಂದು ಕಾಯುತ್ತಾ ಕೂರುವ ಹಾಗಿಲ್ಲ."

ಕಾಗದವನ್ನು ಅವರ ಕಡೆ ತಳ್ಳಿದಳು. "ಸಹಿ ಹಾಕು."

ಮೇಷ್ಟ್ರು ಸಹಿ ಹಾಕಿದರು. ಅವಳು ಅದನ್ನು ಮಡಚಿ ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟಳು. ಆಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.